ಇನ್ನೂರ ಮೂವತ್ತು ನ್ಯೂಟನ್

ಏಪ್ರಿಲ್ 14, ಸೋಮವಾರ. ಸತ್ತಿ

ಈ ನೋಟುಬುಕ್ಕು ತಂದದ್ದು ಪಾಠದ ಟಿಪ್ಪಣಿ ಬರೆಯುವುದಕ್ಕೆ. ಕನ್ನಡ ಮಾಧ್ಯಮದಿಂದ ಬಂದು ಪಿಯುಸಿಯಲ್ಲಿ ಇಂಗ್ಲಿಷಿನ ಮುಂದೆ ಕಕ್ಕಾಬಿಕ್ಕಿಯಾಗುವ ಮಕ್ಕಳಿಗಾಗಿ 'ನ್ಯೂಕ್ಲಿಯಸ್' ಅಧ್ಯಾಯವನ್ನು ಸರಳವಾಗಿ ಬರೆದುಕೊಡಿ ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಜೂನ್ ಎರಡಕ್ಕೆ ಕಾಲೇಜು ತೆರೆಯುತ್ತದೆ, ಅಂದೇ ಕೊಡಬೇಕು. ಚಿಕ್ಕೋಡಿಯ ನನ್ನ ಬಾಡಿಗೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಬರೆಯುವ ಯೋಚನೆ ಇತ್ತು. ಈಗ ಸತ್ತಿ ಊರಿನ ಹತ್ತಿರ, ಕೃಷ್ಣೆಯ ದಂಡೆಯಲ್ಲಿ ಒಂದು ಜಾಲಿ ಗಿಡದ ಕೆಳಗೆ ಕುಳಿತಿದ್ದೇನೆ. ಎದುರಿಗೆ ಎಂಬತ್ತಾರು ಕುರಿ, ಒಂದು ನಾಯಿ.

ಅಣ್ಣ ಮಾಳು ಕುರಿಗೆ ಸೊಪ್ಪು ಕಡಿಯಲು ಗಿಡ ಹತ್ತಿ, ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಆರು ವಾರ ಪ್ಲಾಸ್ಟರ್. ಫೋನ್ ಮಾಡಿದ್ದು ಅವನಲ್ಲ, ಅವನ ಹೆಂಡತಿ, ನಮ್ಮ ಗಂಗಾ ವೈನಿ. "ಭೀಮಸಿ, ನಿನಗ ಸೂಟಿ ಐತೆಲ್ಲ. ಕಾಲೇಜು ಸುರು ಆಗೂತನಕ ಕುರಿ ನೋಡಿಕೋ. ಬ್ಯಾರೆ ಯಾರ ಅದಾರು ನಮಗ?" ಇಲ್ಲ ಎನ್ನಲು ಬಾಯಿ ಬರಲಿಲ್ಲ. ರಾಯಬಾಗದ ಬಸ್ಸು ಹತ್ತಿ ಊರಿಗೆ ಹೋದೆ. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಾವಿಬ್ಬರೂ ಮಾತಾಡಿ ನಾಲ್ಕು ವರ್ಷ ಆಯಿತು. ಕಾರಣವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಚಿಕ್ಕೋಡಿಯಿಂದ ಒಂದು ಬೆಡ್‌ಶೀಟ್ ತಂದಿದ್ದೇನೆ. ಕೋಣೆಯಲ್ಲಿ ಕಂಬಳಿಯೂ ಇತ್ತು, ತರಲಿಲ್ಲ.

ಇನ್ನು ನಲವತ್ತೊಂಬತ್ತು ದಿನ.

ಏಪ್ರಿಲ್ 17, ಗುರುವಾರ

ಕೆಲಸ ಇಷ್ಟೇ: ಬೆಳಿಗ್ಗೆ ಕುರಿ ಬಿಡುವುದು, ಬಿಸಿಲೇರಿದಾಗ ನೆರಳಿಗೆ ತರುವುದು, ಇಳಿಹೊತ್ತಿಗೆ ಮತ್ತೆ ಮೇಯಿಸುವುದು. ಸಂಜೆ ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಬಲೆ ಕಟ್ಟಿ ಹಿಂಡನ್ನು ಒಳಗೆ ಕೂಡುವುದು. ಬಲೆಯನ್ನು ದಿನಕ್ಕೊಂದು ಜಾಗಕ್ಕೆ ಸರಿಸಬೇಕು, ಹೊಲಕ್ಕೆಲ್ಲ ಹಿಕ್ಕೆಯ ಗೊಬ್ಬರ ಸಿಗಬೇಕಲ್ಲ. ಬಾಲ್ಯದಲ್ಲಿ ಇದನ್ನೆಲ್ಲ ಕಣ್ಣು ಮುಚ್ಚಿ ಮಾಡುತ್ತಿದ್ದೆ. ಈಗ ಬಲೆಯ ಗೂಟ ಬಡಿದು ಅಂಗೈಯಲ್ಲಿ ಬೊಕ್ಕೆ ಎದ್ದಿವೆ. ಎಂಎಸ್ಸಿ ಓದಿದ ಕೈ ನೋಡಿ ಗೂಟಕ್ಕೂ ನಗು ಬಂದಿರಬೇಕು.

ಹೊಲ ವಿರುಪಾಕ್ಷಪ್ಪನವರದು. ಕಬ್ಬೂ ಇದೆ, ದ್ರಾಕ್ಷಿಯೂ ಇದೆ. ಅಣ್ಣನ ಹಿಂಡು ಪ್ರತಿ ಬೇಸಿಗೆ ಇಲ್ಲಿಗೇ ಬರುತ್ತದೆ. ಇಂದು ಬೈಕಿನ ಮೇಲೆ ಬಂದು, ರೊಟ್ಟಿಯ ಗಂಟು ಕೊಟ್ಟು, "ಮಾಳೂನ ಆಳೇನೋ ನೀ?" ಎಂದರು. ತಲೆ ಆಡಿಸಿದೆ. ಕೈಯಲ್ಲಿದ್ದ ಪುಸ್ತಕ ನೋಡಿ, "ಓದಾಕ ಬರ್ತೈತೇನು?" ಎಂದರು.

"ಸ್ವಲ್ಪ ಬರ್ತೈತ್ರಿ."

ಆಳಾದರೆ ಆಳು. ಭೌತಶಾಸ್ತ್ರದ ಉಪನ್ಯಾಸಕ ಕುರಿ ಕಾಯುತ್ತಿದ್ದಾನೆ ಎಂಬ ಸುದ್ದಿ ಚಿಕ್ಕೋಡಿಯ ಸ್ಟಾಫ್ ರೂಮಿಗೆ ತಲುಪುವುದಕ್ಕಿಂತ ಅದೇ ವಾಸಿ.

ಏಪ್ರಿಲ್ 23, ಬುಧವಾರ

ಇಂದು ಟಿಪ್ಪಣಿ ಶುರು ಮಾಡಿದೆ. "ಪರಮಾಣುವಿನ ನ್ಯೂಕ್ಲಿಯಸ್ ಪ್ರೋಟಾನ್ ಹಾಗೂ ನ್ಯೂಟ್ರಾನ್‌ಗಳಿಂದ ಕೂಡಿದ್ದು, ಅವುಗಳನ್ನು ಪ್ರಬಲ ಬಲವು ಬಂಧಿಸುತ್ತದೆ." ಬರೆದು ಓದಿದೆ. ಇಂಗ್ಲಿಷಿನಷ್ಟೇ ಕಠಿಣವಾಗಿತ್ತು, ಹೊಡೆದುಹಾಕಿದೆ.

ಹೋದ ವರ್ಷ ಮಾಯಾ ಎಂಬ ಹುಡುಗಿ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದಳು: "ಸರ್, ಪ್ರೋಟಾನು ಪ್ರೋಟಾನು ಒಂದಕ್ಕೊಂದು ದೂಡತಾವ ಅಂತೀರಿ. ಮತ್ತ ಅಷ್ಟು ಸಣ್ಣ ಜಾಗಾದಾಗ ಹೆಂಗ ಕೂಡಿ ಇರ್ತಾವ್ರಿ?" ನಾನು ಕೊಟ್ಟ ಉತ್ತರ: "ಅದು ಪರೀಕ್ಷಾಕ್ಕ ಬರಂಗಿಲ್ಲ, ಕೂಡು." ಅವಳು ಕುಳಿತಳು. ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದುದನ್ನು ಅವಳ ಮಾತಿನಲ್ಲಿ ಹೇಳಲು ಬರಲಿಲ್ಲ.

ಎಷ್ಟು ಬಲವಾಗಿ ದೂಡುತ್ತವೆ ಎಂದು ಲೆಕ್ಕ ಹಾಕಿದೆ. ಒಂದು ಫರ್ಮಿ, ಅಂದರೆ ಮಿಲಿಮೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ. ಅಷ್ಟು ಹತ್ತಿರ ಬಂದ ಎರಡು ಪ್ರೋಟಾನ್‌ಗಳು ಒಂದನ್ನೊಂದು ಸುಮಾರು ಇನ್ನೂರ ಮೂವತ್ತು ನ್ಯೂಟನ್ ಬಲದಿಂದ ದೂಡುತ್ತವೆ. ಇಪ್ಪತ್ಮೂರು ಕೇಜಿಯ ಭಾರ, ಒಂದು ಎಳೆಯ ಕುರಿಯ ತೂಕ. ಕಣ್ಣಿಗೆ ಕಾಣದ ಕಣ ಒಂದು ಇಡೀ ಕುರಿಯಷ್ಟು ಜೋರಿನಿಂದ ದೂಡುತ್ತದೆ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ನಾಯಿ ಕಾಳ್ಯಾಗೆ ಹೇಳಿದೆ. ಅದು ಆಕಳಿಸಿತು.

ಇನ್ನು ನಲವತ್ತು ದಿನ.

ಮೇ 2, ಶುಕ್ರವಾರ

ಮೂರು ದಿನದಿಂದ ಒಬ್ಬರ ಜೊತೆಯೂ ಮಾತಾಡಿಲ್ಲ. ಬೇರೆ ವರ್ಷಗಳಲ್ಲಿ ನಾಲ್ಕು ಮನೆಯವರು ಕೂಡಿಯೇ ಹಿಂಡು ಹೊರಡಿಸುತ್ತಾರೆ. ಈ ಸಲ ಅಣ್ಣ ಬಿದ್ದು ತಡವಾದದ್ದರಿಂದ ಅವರೆಲ್ಲ ಮೀರಜ ಕಡೆಗೆ ಮುಂದೆ ಹೋಗಿಬಿಟ್ಟರು. ಹೊಳೆಯಾಚೆ ಯಾರೋ ಯಾರನ್ನೋ ಕೂಗಿದರೆ ನನ್ನನ್ನೇ ಎಂದು ತಿರುಗುತ್ತೇನೆ.

ಚಿಕ್ಕೋಡಿಯಲ್ಲಿ ಮಾತ್ರ ಏನು ಮಹಾ ಇತ್ತು! ಕೋಣೆ, ಕಾಲೇಜು, ಖಾನಾವಳಿ. ಅಲ್ಲಿ ಸದ್ದು ಇತ್ತು, ಅಷ್ಟೇ. ಒಬ್ಬನೇ ಇದ್ದೇನೆ ಎಂಬುದು ಆ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ಇಂದು ಎರಡು ಟಗರು ಹಣೆ ಚಚ್ಚಿಕೊಂಡವು. ಬಿಡಿಸಲು ಹೋಗಿ ಮೊಣಕಾಲಿಗೆ ಪೆಟ್ಟು ತಿಂದೆ. ಆಮೇಲೆ ಅಣ್ಣ ಏನು ಮಾಡುತ್ತಿದ್ದ ಎಂಬುದು ನೆನಪಾಯಿತು. ಅವನು ಬಿಡಿಸುತ್ತಿರಲಿಲ್ಲ. ಹೆಣ್ಣು ಕುರಿಗಳನ್ನು ನಡುವೆ ನುಗ್ಗಿಸುತ್ತಿದ್ದ. ಟಗರುಗಳು ಅಲ್ಲೇ ಇರುತ್ತಿದ್ದವು, ಆದರೆ ಜಗಳ ಇರುತ್ತಿರಲಿಲ್ಲ. ಎರಡು ಪ್ರೋಟಾನ್ ಮಾತ್ರ ಇದ್ದರೆ ನ್ಯೂಕ್ಲಿಯಸ್ ಆಗುವುದೇ ಇಲ್ಲ, ನ್ಯೂಟ್ರಾನ್ ಬೇಕೇ ಬೇಕು. ಅದು ಯಾರನ್ನೂ ದೂಡುವುದಿಲ್ಲ, ಪಕ್ಕದಲ್ಲಿದ್ದವರನ್ನೆಲ್ಲ ಹಿಡಿದುಕೊಳ್ಳುತ್ತದೆ. ಟಿಪ್ಪಣಿಯಲ್ಲಿ ಟಗರು ಬರೆದರೆ ಪ್ರಿನ್ಸಿಪಾಲರು ಏನೆಂದಾರು?

ಸಂಜೆ: ವೈನಿ ಫೋನ್ ಮಾಡಿದ್ದಳು. ಉಂಡಿಯಾ, ಬಿಸಿಲು ಬಾಳ ಐತೇನು ಎಂದು ಕೇಳಿದಳು. ಹಿಂದೆ ಅಣ್ಣನ ದನಿ: "ನೀರಿಗೆ ಎಲ್ಲಿ ಬಿಡತಾನಂತ ಕೇಳು." ಅವಳು ಕೇಳಿದಳು. ನಾನು ಅವಳಿಗೆ ಹೇಳಿದೆ. ಅವಳು ಅವನಿಗೆ ಹೇಳಿದಳು. ಮೂವರೂ ಒಂದೇ ಫೋನಿನ ಎರಡು ಕಡೆ ಇದ್ದೆವು.

ಮೇ 9, ಶುಕ್ರವಾರ

ಕೆಂಚಿ ಈದಿತು! ಚೊಚ್ಚಲ. ಬೆಳಿಗ್ಗೆ ಎಂಟರ ಹೊತ್ತಿಗೆ, ಜಾಲಿ ಗಿಡದ ಬುಡದಲ್ಲಿ. ಹೆಣ್ಣು ಮರಿ. ಕೆಂಚಿ ಅಂದರೆ ಅವ್ವ ಸಾಕಿದ್ದ ಕುರಿಯ ಮೊಮ್ಮಗಳು. ಅವ್ವನೂ ಹೋದಳು, ಆ ಸಾಲಿನಲ್ಲಿ ಹಿಂಡಿನಲ್ಲಿ ಉಳಿದದ್ದು ಇದೊಂದೇ. ಹೀಗಾಗಿ ಊರಿನಿಂದ ಹೊರಡುವಾಗ ವೈನಿ ಇದೊಂದಕ್ಕೇ ಬೆರಳು ತೋರಿಸಿ ಜೋಪಾನ ಎಂದಿದ್ದಳು.

ನಾನು ಎಲ್ಲವನ್ನೂ ಸ್ವಚ್ಛವಾಗಿ ಮಾಡಿದೆ. ಮರಿಯ ಮೈಮೇಲಿನ ಲೋಳೆಯನ್ನು ಸೋಪಿನ ನೀರಿನಿಂದ ತೊಳೆದೆ. ಒಗೆದ ಟವೆಲಿನಿಂದ ಒರೆಸಿದೆ. ಹೊಕ್ಕುಳಿಗೆ ಔಷಧ ಹಚ್ಚಿದೆ. ಅಣ್ಣನಾದರೆ ಹಾಗೇ ಮಣ್ಣಿನಲ್ಲಿ ಬಿಟ್ಟು ಬೀಡಿ ಹಚ್ಚುತ್ತಿದ್ದ. ಮರಿ ಮಲ್ಲಿಗೆಯ ಹಾಗೆ ಘಮಘಮ ಎನ್ನುತ್ತಿತ್ತು.

ಸಂಜೆ: ಕೆಂಚಿ ಮರಿಯನ್ನು ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ. ಮೂಸುತ್ತದೆ, ತಲೆಯಿಂದ ಗುದ್ದಿ ಕೆಡವುತ್ತದೆ.

ಮೇ 10, ಶನಿವಾರ

ಹನ್ನೊಂದು ಸಲ ಕೆಡವಿತು, ಎಣಿಸಿದ್ದೇನೆ. ಮರಿ ಪ್ರತಿ ಸಲ ಎದ್ದು ಮತ್ತೆ ಅದರ ಹತ್ತಿರವೇ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಏಳುವುದನ್ನು ಬಿಟ್ಟಿತು. ಕೆಂಚಿಯ ಹಾಲು ಹಿಂಡಿ ಬಟ್ಟೆ ಅದ್ದಿ ಬಾಯಿಗೆ ಇಟ್ಟೆ. ಸ್ವಲ್ಪ ಚೀಪಿತು. ಬೇರೆ ದಾರಿ ಕಾಣದೆ ನಾನೇ ಫೋನ್ ಮಾಡಿದೆ.

"ವೈನಿ, ಕೆಂಚಿ ಮರೀನ್ನ ಒಲ್ಲೆ ಅನ್ನಾಕತ್ತೈತ್ರಿ."

ಹಿಂದಿನಿಂದ ಅಣ್ಣ: "ಮರಿ ತೊಳದಾನೇನ ಕೇಳು."

"ಮರಿ ತೊಳದೀ ಏನ ಅಂತಾರು."

"ತೊಳದೇನ್ರಿ."

"ಸೋಪ್ ಹಚ್ಚಿ?"

"ಹೌದ್ರಿ."

ಆ ಕಡೆ ಒಂದು ಸದ್ದು ಬಂತು. ಅಣ್ಣ ನಕ್ಕನೋ, ಕೆಮ್ಮಿದನೋ, ಹಣೆ ಚಚ್ಚಿಕೊಂಡನೋ ಗೊತ್ತಾಗಲಿಲ್ಲ. ಕುರಿ ತನ್ನ ಮರಿಯನ್ನು ಕಣ್ಣಿನಿಂದ ಗುರುತಿಸುವುದಿಲ್ಲ, ಮೊದಲ ಗಳಿಗೆಯಲ್ಲಿ ನೆಕ್ಕಿ ಮೂಗಿನಿಂದ ಗುರುತು ಹಿಡಿಯುತ್ತದೆ. ಕುರುಬರ ಮನೆಯ ಮೂರು ವರ್ಷದ ಕೂಸಿಗೂ ಗೊತ್ತು. ನಾನು ಆ ಗುರುತನ್ನೇ ತೊಳೆದುಬಿಟ್ಟಿದ್ದೆ.

ಅಣ್ಣ ಹೇಳಿದ್ದನ್ನು ವೈನಿ ಒಪ್ಪಿಸಿದಳು. "ಕೆಂಚೀನ ಬ್ಯಾರೆ ಕಟ್ಟಬೇಕಂತ. ಅದರ ಹಾಲು ಹಿಂಡಿ ಮರಿ ಬೆನ್ನಿಗೆ, ಬಾಲಕ್ಕ ಸವರಿ, ಮ್ಯಾಲ ಉಪ್ಪು ಹಚ್ಚಬೇಕಂತ. ಉಪ್ಪಿನ ಆಸೇಕ್ಕರ ನೆಕ್ಕತೈತಂತ. ದಿನಕ್ಕ ಆರು ಸಲ ಕುರೀನ ಕಾಲಾಗ ಹಿಡಕೊಂಡು ಮರೀಗೆ ಕುಡಸಬೇಕಂತ." ಆಮೇಲೆ ತನ್ನದೇ ದನಿಯಲ್ಲಿ, "ಅದು ಅತ್ತೀ ಕುರಿ ಮರಿ ಐತಿ ಭೀಮಸಿ. ಉಳಸು" ಎಂದಳು.

ಮೇ 11, ಭಾನುವಾರ

ಆರು ಸಲ. ಕೆಂಚಿಯನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಅದರ ಗದ್ದ, ಇನ್ನೊಂದರಲ್ಲಿ ಮರಿಯ ಬಾಯಿ. ಅದು ದೂಡುತ್ತದೆ, ಇದು ಬೀಳುತ್ತದೆ. ತೊಡೆಯೆಲ್ಲ ನೀಲಿಗಟ್ಟಿದೆ. ಕೆಂಚಿಯ ತೂಕ ಇಪ್ಪತ್ಮೂರು ಕೇಜಿಯ ಆಸುಪಾಸು. ಲೆಕ್ಕ ತಪ್ಪಿರಲಿಲ್ಲ ಎಂದುಕೊಂಡೆ.

ಉಪ್ಪನ್ನು ನೆಕ್ಕಿತು. ಉಪ್ಪು ಮುಗಿದೊಡನೆ ಗುದ್ದಿತು.

ಬರೆದೇ ಬಿಡುತ್ತೇನೆ. ಇಲ್ಲಿ ಓದುವವರು ಯಾರು?

ನಾಲ್ಕು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ಎರಡನೇ ವಾರ. ಅಣ್ಣ ಹೇಳದೆ ಕೇಳದೆ ಕಾಲೇಜಿಗೆ ಬಂದ. ಹೆಗಲ ಮೇಲೆ ಹೊಸ ಕಂಬಳಿ, ನಮ್ಮ ಕುರಿಗಳದೇ ಉಣ್ಣೆ, ನನಗೆಂದು ನೇಯಿಸಿದ್ದು. ಕೈಯಲ್ಲಿ ವೈನಿ ಕಟ್ಟಿಕೊಟ್ಟ ರೊಟ್ಟಿ. ಮೈಯೆಲ್ಲ ಹಿಂಡಿನ ವಾಸನೆ. ನಾನು ವರಾಂಡದಲ್ಲಿ ಮೂವರು ಉಪನ್ಯಾಸಕರ ಜೊತೆ ಚಹಾ ಕುಡಿಯುತ್ತಾ ನಿಂತಿದ್ದೆ. ಒಬ್ಬರು ಕೇಳಿದರು, "ಯಾರ್ರೀ ಇವರು?" ನಾನು ಹೇಳಿದೆ, "ನಮ್ಮೂರವರ್ರಿ. ಕುರಿ ಕಾಯ್ತಾರು."

ಅಣ್ಣ ನನ್ನನ್ನು ಒಂದು ಸಲ ನೋಡಿದ. ಕಂಬಳಿ, ರೊಟ್ಟಿ ಎರಡನ್ನೂ ಕಟ್ಟೆಯ ಮೇಲೆ ಇಟ್ಟು, "ಬರ್ತೇನ್ರಿ ಸರ್" ಎಂದು ಹೋದ. ನನಗೆ ಸರ್ ಎಂದ. ಟಗರು ಮಾರಿ ಮಾರಿ ನನ್ನನ್ನು ಓದಿಸಿದವನು ಅವನು.

ಆ ಕಂಬಳಿಯನ್ನು ಒಂದು ದಿನವೂ ಹಾಸಿಲ್ಲ, ಹೊದ್ದಿಲ್ಲ. ಮುಟ್ಟಿದರೆ ನಾಚಿಕೆಯಾಗುತ್ತದೆ.

ಮೇ 13, ಮಂಗಳವಾರ

ಮರಿ ಇನ್ನೂ ಬದುಕಿದೆ, ಹಿಡಿದು ಕುಡಿಸುತ್ತಿರುವುದರಿಂದ. ಕೈ ಬಿಟ್ಟರೆ ಇಲ್ಲ. ಇದನ್ನು ಎಷ್ಟು ದಿನ ಹಿಡಿದಿರಲಿ?

ಮಧ್ಯಾಹ್ನ ವೈನಿಯ ಫೋನ್. ಎರಡು ಮಾತಾಡಿ, "ತಡಿ, ನಳದಾಗ ನೀರು ಬಂತು" ಎಂದವಳೇ ಫೋನನ್ನು ಎಲ್ಲೋ ಇಟ್ಟಳು. ಕೊಡದ ಸದ್ದು ದೂರ ಹೋಯಿತು. ಮಧ್ಯಾಹ್ನ ಒಂದಕ್ಕೆ ನಮ್ಮೂರಲ್ಲಿ ನಳಕ್ಕೆ ನೀರು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಆ ಕಡೆ ಉಸಿರು ಕೇಳುತ್ತಿತ್ತು. ಕೊನೆಗೆ ಮರಿ ಒದರಿತು.

"ದನಿ ಚಲೋ ಐತಿ," ಎಂದ ಅಣ್ಣ. "ಸಾಯಂಗಿಲ್ಲ ಅದು."

"ಬಾಳ ಒದೀತೈತಿ ಅಣ್ಣಾ. ಹತ್ತರ ಬಿಟ್ಟುಕೊಳ್ಳವಲ್ದು."

"ಒದೀಲಿ. ನೀ ಬಿಡಬ್ಯಾಡ. ದೂರ ನಿಂತು ಕರದ್ರ ಬರೂದಲ್ಲ ಅದು. ಮೈಗೆ ಮೈ ಹತ್ತೂತನಕ ಒದ್ಯಾಟ ಇರೂದ. ಇದರ ಹಾಲು ಅದರ ಹೊಟ್ಟ್ಯಾಗ ಹಾದು ಬಂತಂದ್ರ ಎರಡರ ವಾಸನಿ ಒಂದ ಆಗತೈತಿ. ಆಮ್ಯಾಲ ನೀ ಬಿಡಸ್ತೇನಂದ್ರೂ ಬಿಡೂದಿಲ್ಲ."

"ಯಾವಾಗ ಗೊತ್ತಾಗೂದು?"

"ನಾಡದ ಮುಂಜಾನೆ ಹಗ್ಗ ಬಿಚ್ಚಿ ನಾಯಿ ತಂದು ಮುಂದ ನಿಲ್ಲಸು. ಮರಿ ಬಿಟ್ಟು ಓಡಿತಂದ್ರ ಆಸೆ ಬಿಡು. ನಿಂತು ಕಾಲು ಕುಟ್ಟಿತಂದ್ರ, ಆತು."

ನನಗೆ ಬೇರೆ ಮಾತು ಹೇಳುವುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ವೈನಿಯ ಕೊಡ ವಾಪಸ್ ಬಂತು. ಖಾಲಿ ಕೊಡದ ಸದ್ದು.

ಮೇ 15, ಗುರುವಾರ

ಬೆಳಿಗ್ಗೆ ಕೆಂಚಿಯ ಹಗ್ಗ ಬಿಚ್ಚಿದೆ. ಮರಿ ಅದರ ಹಿಂದೆ ನಡುಗುತ್ತಾ ನಿಂತಿತ್ತು. ಕಾಳ್ಯಾನ ಕೊರಳಪಟ್ಟಿ ಹಿಡಿದು ಹತ್ತು ಹೆಜ್ಜೆ ದೂರಕ್ಕೆ ತಂದೆ. ಕೆಂಚಿ ಕಿವಿ ನಿಮಿರಿಸಿತು. ಎಂಟು ಹೆಜ್ಜೆ. ಅದು ಹಿಂಡಿನ ಕಡೆ ತಿರುಗಿತು. ಓಡಿಯೇಬಿಟ್ಟಿತು ಎಂದುಕೊಂಡೆ.

ನಾಲ್ಕು ಹೆಜ್ಜೆ ಹೋಗಿ ಕೆಂಚಿ ನಿಂತಿತು. ಮರಿ ಒದರಿತು. ಕೆಂಚಿ ಮರಳಿ ಬಂದು ಮರಿಗೂ ನಾಯಿಗೂ ನಡುವೆ ಅಡ್ಡ ನಿಂತು, ಮುಂಗಾಲಿನಿಂದ ನೆಲ ಕುಟ್ಟಿತು. ಒಂದು ಸಲವಲ್ಲ, ಮೂರು ಸಲ. ಎಂದೂ ನಾಯಿಗೆ ಎದುರು ನಿಲ್ಲದ ಚೊಚ್ಚಲ ಕುರಿ! ಕಾಳ್ಯಾ ನನ್ನ ಮುಖ ನೋಡಿತು, ಇದರಲ್ಲಿ ನನ್ನ ತಪ್ಪೇನು ಎನ್ನುವಂತೆ.

ನಾಯಿ ದೂರ ಹೋದ ಮೇಲೆ ಕೆಂಚಿ ಮರಿಯ ಬಾಲ ಮೂಸಿತು. ಮರಿ ಹೊಟ್ಟೆಯ ಕೆಳಗೆ ನುಗ್ಗಿ ಬಾಲ ಅಲ್ಲಾಡಿಸುತ್ತಾ ಕುಡಿಯಿತು. ಯಾರೂ ಹಿಡಿದಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ, ನೋಡುವವರು ಕುರಿಗಳು ತಾನೆ.

ಫೋನ್ ಮಾಡಿದೆ. ವೈನಿ ಎತ್ತಿದಳು. "ಅಣ್ಣಗ ಕೊಡ್ರಿ" ಎಂದೆ.

"ಕುಟ್ಟಿತು," ಎಂದೆ.

"ಹ್ಞೂಂ," ಎಂದ.

ಮೇ 21, ಬುಧವಾರ

ಟಿಪ್ಪಣಿ ಒಂದೇ ಕೂತಿನಲ್ಲಿ ಮುಗಿಯಿತು. ಅದರ ಒಂದು ತುಣುಕನ್ನು ಇಲ್ಲೂ ಇಳಿಸುತ್ತೇನೆ:

"ಮಾಯಾ ಎಂಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇದು. ಒಂದನ್ನೊಂದು ದೂಡುವ ಪ್ರೋಟಾನ್‌ಗಳು ಕೂಡಿ ಇರುವುದು ಹೇಗೆ? ದೂಡುವ ಬಲ ದೂರದಿಂದಲೂ ಕೆಲಸ ಮಾಡುತ್ತದೆ. ಹಿಡಿಯುವ ಬಲ ಅದಕ್ಕಿಂತ ಬಹಳ ದೊಡ್ಡದು. ಆದರೆ ಅದು ದೂರದಿಂದ ಗೊತ್ತೇ ಆಗುವುದಿಲ್ಲ. ಎರಡು ಮೂರು ಫರ್ಮಿಯ ಆಚೆ ಅದು ಇಲ್ಲವೆಂದೇ ಹೇಳಬೇಕು. ಹೀಗಾಗಿ ಹತ್ತಿರ ಬರುವ ದಾರಿಯುದ್ದಕ್ಕೂ ಬರೀ ದೂಡುವಿಕೆಯೇ. ಅದನ್ನು ತಡೆದುಕೊಂಡು ಮೈಗೆ ಮೈ ತಾಗುವಷ್ಟು ಹತ್ತಿರ ಬಂದರೆ ಮಾತ್ರ ಹಿಡಿತ ಸಿಗುತ್ತದೆ. ಹಿಂಡಿನಲ್ಲಿ ಕುರಿ ತನ್ನ ಪಕ್ಕದ ಕುರಿಗೆ ಮಾತ್ರ ಒತ್ತಿ ನಿಲ್ಲುವಂತೆ, ಇಲ್ಲಿ ಪ್ರತಿ ಕಣವೂ ತನ್ನ ಪಕ್ಕದವರನ್ನು ಮಾತ್ರ ಹಿಡಿಯುತ್ತದೆ. ಅಂಚಿನಲ್ಲಿ ನಿಂತದ್ದಕ್ಕೆ ಪಕ್ಕದವರು ಕಡಿಮೆ, ಹಿಡಿತವೂ ಕಡಿಮೆ. ಕೂಡಿದ ಮೇಲೆ ತೂಗಿ ನೋಡಿದರೆ, ಬೇರೆ ಬೇರೆ ಇದ್ದಾಗಿನ ತೂಕಕ್ಕಿಂತ ಒಟ್ಟು ತೂಕ ತುಸು ಕಡಿಮೆ ಇರುತ್ತದೆ. ಆ ಪಾಲು ಕೂಡುವಾಗಲೇ ಶಕ್ತಿಯಾಗಿ ಹೊರಗೆ ಹೋಗಿರುತ್ತದೆ. ಮತ್ತೆ ಬಿಡಿಸಬೇಕೆಂದರೆ ಅಷ್ಟನ್ನೂ ವಾಪಸ್ ಕೊಡಬೇಕು."

ಕುರಿ ಬಿಟ್ಟರೆ ಬೇರೆ ಉದಾಹರಣೆ ಹೊಳೆಯಲಿಲ್ಲ. ಹೊಡೆದುಹಾಕಲೂ ಇಲ್ಲ.

ಮರಿ ಚಿಗರಿಯಂತೆ ನೆಗೆಯುತ್ತಿದೆ. ಬೋರಿ, ಹಂಡಿ, ಮೂಕಿ, ಸಣ್ಣ ಕರಿ, ಹಿಂಡಿನ ಕುರಿಗಳೆಲ್ಲವೂ ಇಂದು ಹೊಳೆಗಿಳಿದು ಚೆನ್ನಾಗಿ ನೀರು ಕುಡಿದವು. ಪಶ್ಚಿಮಕ್ಕೆ ಮೋಡ ಕಟ್ಟುತ್ತಿದೆ.

ಮೇ 24, ಶನಿವಾರ

ಅಣ್ಣ ಬಂದ. ಮೊನ್ನೆ ಪ್ಲಾಸ್ಟರ್ ಬಿಚ್ಚಿದರಂತೆ. ಹಾಲಿನ ಟೆಂಪೋದಲ್ಲಿ ಬಂದು, ಕಂಕುಳಲ್ಲಿ ಕೋಲು ಊರಿ ಇಳಿದ. ಹೆಗಲ ಮೇಲೆ ಹಳೆಯ ಕಂಬಳಿ. ಈ ತಿಂಗಳು ಮುಗಿಯುವವರೆಗೆ ಅವನ ಜೊತೆ ಇರಲು ವೈನಿಯ ತಮ್ಮ ನಾಳೆ ಬರುತ್ತಾನೆ. ನಾನು ನಾಲ್ಕರ ಬಸ್ಸಿಗೆ ಹೊರಡುವುದೆಂದು ಮಾತಾಗಿತ್ತು. ಬ್ಯಾಗು ಕಟ್ಟಿಟ್ಟಿದ್ದೆ.

ಅಣ್ಣ ನನ್ನ ಕಡೆ ನೋಡಲಿಲ್ಲ. ಸೀದಾ ಕೆಂಚಿಯ ಹತ್ತಿರ ಹೋಗಿ ಮರಿಯನ್ನು ಎತ್ತಿ ಮೂಸಿದ. "ಸೋಪಿನ ವಾಸನಿ ಹೋಗೈತಿ" ಎಂದ.

ಅಷ್ಟರಲ್ಲಿ ವಿರುಪಾಕ್ಷಪ್ಪನವರ ಬೈಕ್ ಬಂತು. "ಬಂದ್ಯಾ ಮಾಳು? ಕಾಲು ಹೆಂಗೈತಿ?" ಎಂದು ಕೇಳಿ, ನನ್ನ ಕಡೆ ಗದ್ದ ತೋರಿಸಿ, "ಈ ಸಲ ಆಳು ಚಲೋ ಸಿಕ್ಕಾನು ಬಿಡು. ಕೆಲಸಾನೂ ಮಾಡತಾನು, ಪುಸ್ತಕಾನೂ ಓದತಾನು. ಯಾರಿಂವಾ?" ಎಂದರು.

ಅದೇ ಪ್ರಶ್ನೆ. ಕಾಲೇಜಿನ ವರಾಂಡ ಕಣ್ಣ ಮುಂದೆ ಬಂತು. ನಮ್ಮೂರಾಂವ್ರಿ ಎಂದು ಅಣ್ಣ ಹೇಳಿದ್ದರೆ ನಾನು ಬಾಯಿ ಮುಚ್ಚಿಕೊಂಡು ನಾಲ್ಕರ ಬಸ್ಸು ಹತ್ತುತ್ತಿದ್ದೆ. ಅವನಿಗೆ ಆ ಹಕ್ಕಿತ್ತು. ಅದಕ್ಕೆ ಕಾಯುತ್ತಲೇ ನೆಲ ನೋಡುತ್ತಾ ನಿಂತೆ.

ಅಣ್ಣ ಮರಿಯನ್ನು ಕೆಳಗಿಟ್ಟ. "ನನ್ನ ತಮ್ಮರಿ," ಎಂದ. "ಬೆನ್ನಿಗೆ ಬಿದ್ದಾಂವ."

"ತಮ್ಮನ? ಅಯ್ಯ, ಮೊದಲ ಹೇಳಬಾರದೇನೋ ತಮ್ಮಾ! ತಂಗಳ ರೊಟ್ಟಿ ಕೊಟ್ಟೇನೆಲ್ಲೋ ನಿನಗ!"

"ಅಂವಗ ಹೇಳಾಕ ಬರಂಗಿಲ್ರಿ," ಎಂದ ಅಣ್ಣ. "ಸಣ್ಣಾಂವ ಇದ್ದಾಗಿಂದ ಹಂಗ."

ವಿರುಪಾಕ್ಷಪ್ಪನವರು ನಕ್ಕು ಹೋದರು. ಅಣ್ಣನೂ ನಾನೂ ಉಳಿದೆವು. ಮೋಡ ತಲೆಯ ಮೇಲೆ ಬಂದಿತ್ತು. ನಾಲ್ಕು ದೊಡ್ಡ ಹನಿ ಬಿದ್ದವು. ಕುರಿಗಳು ತಾವಾಗಿಯೇ ಒಂದಕ್ಕೊಂದು ಒತ್ತಿ ನಿಂತವು. ಕೆಂಚಿ ಹಿಂಡಿನ ನಡುವೆ ಸೇರಿಕೊಂಡಿತು, ಮರಿ ಅದರ ಹೊಟ್ಟೆಯ ಕೆಳಗೆ.

"ಅಣ್ಣಾ, ಅವತ್ತ ಕಾಲೇಜಿನ್ಯಾಗ ನಾ..."

"ಮಳಿ ಬರಾಕತ್ತೈತಿ," ಎಂದ. ಹೆಗಲ ಮೇಲಿನ ಕಂಬಳಿ ತೆಗೆದು ಕೊಡವಿ, ತಲೆಯ ಮೇಲೆ ಎಳೆದುಕೊಂಡು, ಒಂದು ಸೆರಗನ್ನು ನನ್ನ ಕಡೆ ಎತ್ತಿ ಹಿಡಿದ. "ಅಲ್ಲೇನ ನಿಂತೀಯೋ. ಈ ಕಡೆ ಸರಿ, ತೋಯ್ತಿ."

ಸರಿದೆ. ಕಂಬಳಿ ಇಬ್ಬರಿಗೆ ಸಾಕಾಗುವಂತಿರಲಿಲ್ಲ, ಹೀಗಾಗಿ ಇನ್ನೂ ಸರಿದೆ. ಅವನ ಊರುಗೋಲು ನನ್ನ ಪಕ್ಕೆಗೆ ಒತ್ತುತ್ತಿತ್ತು. ಕುರಿಯ ವಾಸನೆ ಬರುತ್ತಿತ್ತು, ಅವನದೋ ನನ್ನದೋ ಗೊತ್ತಾಗಲಿಲ್ಲ. ಮಳೆಯಲ್ಲಿ ನಾಲ್ಕರ ಬಸ್ಸು ಹಾರ್ನ್ ಹಾಕುತ್ತಾ ರಸ್ತೆಯ ಮೇಲೆ ಹಾದುಹೋಯಿತು. ಇಬ್ಬರೂ ಅದು ಹೋಗುವುದನ್ನು ನೋಡುತ್ತಾ ನಿಂತೆವು.